ಕೆಂಪು ಬಿಟ್ಟು ನೀಲಿಗೆ ಹೋದವನಿಗೆ

ಮಾರ್ಚ್ 3

ಡುಮ್ಮನಿಗೆ,

ಕೊಡುವುದಿಲ್ಲ.

ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ನನ್ನ ತಮ್ಮ ಕಡ್ಡಿಯ ಗೇಮ್ ಪೆಟ್ಟಿಗೆ ನಿನಗೆ ಬೇಕಂತೆ. ನೆನಪಿಗೆ ಇಟ್ಟುಕೊಳ್ಳುತ್ತೀಯಂತೆ. ನನ್ನನ್ನು ನೇರವಾಗಿ ಕೇಳಲು ಬಾಯಿಲ್ಲದೆ ನಿನ್ನ ಅಮ್ಮನಿಂದ ಕೇಳಿಸಿದ್ದೀಯ. ಆರನೆಯ ವಯಸ್ಸಿಗೆ ನಮ್ಮ ಮನೆಗೆ ಬಂದವನು, ಕನ್ನಡಿ ಒಡೆದು ಕಡ್ಡಿಯ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಇವತ್ತು ಕಡ್ಡಿ ಇಲ್ಲ, ಚಿಕ್ಕಮ್ಮನ ಬೆನ್ನು ಸಿಕ್ಕಿದೆ, ಅಷ್ಟೇ ವ್ಯತ್ಯಾಸ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನಗೆ ಬೈಯಲು ಆಗುವುದಿಲ್ಲ. ಎರಡನೆಯ ಮಾತಿಗೇ ಅಳು ಬರುತ್ತದೆ. ನೀನು "ಅಳ್ಬೇಡ ಅಕ್ಕಾ" ಅನ್ನುತ್ತೀಯ. ಅಲ್ಲಿಗೆ ನನ್ನ ಸಿಟ್ಟು ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಕಾಗದದ ಮೇಲಾದರೆ ನೀನು ನನ್ನ ಮಾತಿಗೆ ಅಡ್ಡ ಬರಲಾರೆ.

ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಹಡಗಿನ ಕೆಲಸದಲ್ಲಿದ್ದ ಮಾವ ಆ ಮೊದಲ ಪೆಟ್ಟಿಗೆ ತಂದಾಗ ನಿಮಗಿಬ್ಬರಿಗೂ ಎಂಟು ವರ್ಷ. ಅದರ ಮೇಲೆ ಕೆಂಪು ಅಕ್ಷರಗಳಿದ್ದವು. ಅಂದಿನಿಂದ ಆ ಕಂಪನಿಗೆ ನಮ್ಮ ಮನೆಯಲ್ಲಿ ಹೆಸರೇ ಕೆಂಪು. ಮೇಲಿನ ಮಹಡಿಯ ಅವಳಿಗಳ ಮನೆಯಲ್ಲಿದ್ದ ಇನ್ನೊಂದು ಕಂಪನಿಯದು ನೀಲಿ. ಅವರ ಜೊತೆ ಮಾತು ಬಿಟ್ಟವನು ನೀನು. ಮೆಟ್ಟಿಲ ಮೇಲೆ ಕೈ ಅಡ್ಡ ಹಿಡಿದು "ನೀಲಿಯವರು ನಮ್ಮ ಬಾಗಿಲು ದಾಟಂಗಿಲ್ಲ!" ಎಂದು ಕೂಗುತ್ತಿದ್ದವನು ನೀನು. ಕಡ್ಡಿ ಪಾಪ, ಅವಳಿಗಳ ಮನೆಗೆ ಕದ್ದು ಹೋಗಿ ಒಂದು ಆಟ ಆಡಿ ಬಂದನೆಂದು ಮೂರು ದಿನ ಅವನ ಜೊತೆಗೂ ಮಾತು ಬಿಟ್ಟಿದ್ದೆ. ಅಂಥವನು ನೀನು.

ನೀನು ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೂ ಇಬ್ಬರೂ ಹೊಸ ಕೆಂಪು ಕೊಂಡಿರಿ. ದಿನಾ ಸಂಜೆ ಅಲ್ಲಿಂದ ನೀನು, ಇಲ್ಲಿಂದ ಅವನು, ಕಾರು ಓಡಿಸಿ ಜಗಳವಾಡುತ್ತಿದ್ದಿರಿ. ಆಮೇಲೆ ಅವನ ಬೆರಳು ಅವನ ಮಾತು ಕೇಳದಾದವು. ಸ್ನಾಯು ಸೋಲುವ ರೋಗ, ಇನ್ನು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಅವನು ಕೆಲಸ ಬಿಟ್ಟು ಮನೆಯಲ್ಲಿ ಕೂತ. ಅವನಿಗೆ ಹೊರಗಿನ ಲೋಕ ಎಂದರೆ ಸಂಜೆಯ ಆ ಒಂದು ಗಂಟೆ. ಸರಿಯಾಗಿ ಆಗ, ಹೋದ ವರ್ಷದ ಫೆಬ್ರವರಿಯಲ್ಲಿ, ನೀನು ನೀಲಿ ಕೊಂಡೆ. ಕೆಂಪಿನವನು ಕೆಂಪಿನವನ ಜೊತೆ ಮಾತ್ರ ಆಡಬಹುದು, ನೀಲಿಯವನು ನೀಲಿಯವನ ಜೊತೆ. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ಅಂದರೆ ಗೊತ್ತಿದ್ದೂ ಅವನ ಮುಖದ ಮೇಲೆ ಬಾಗಿಲು ಹಾಕಿದೆ.

ನಾನು ಜುಲೈ ಹದಿನೈದಕ್ಕೆ ಈ ಮನೆ ಬಿಡುತ್ತೇನೆ. ಒಬ್ಬಳಿಗೆ ಎರಡು ಕೋಣೆ ಬೇಡ. ಅಷ್ಟರಲ್ಲಿ ಅವನ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕುತ್ತೇನೆ. ನಿನಗಂತೂ ಇಲ್ಲ.

ಇಂತಿ,
ನಿನಗೆ ಅಕ್ಕನಾಗಿದ್ದವಳು


ಮಾರ್ಚ್ 17

ಅಕ್ಕಾ,

ಬೈಗುಳ ತಲುಪಿತು. ಹನ್ನೊಂದನೆಯ ಮಹಡಿಯಲ್ಲಿ ಕೆಟ್ಟು ನಿಂತ ಲಿಫ್ಟಿನ ರಿಪೇರಿಗೆ ಹೋಗಿ, ಅದರ ತಲೆಯ ಮೇಲೆ ಕೂತು ಓದಿದೆ. ಕೆಳಗಿಂದ ನನ್ನ ಜೊತೆಯ ವೆಲ್ಡರ್ "ಏನಣ್ಣಾ, ಲವ್ ಲೆಟರಾ?" ಎಂದು ಕೂಗಿದ. "ಹೂಂ, ಮೊದಲ ಸಾಲೇ 'ಕೊಡಲ್ಲ' ಅಂತಿದೆ" ಎಂದೆ. ಅವನು ನಕ್ಕ. ನಾನು ನಗಲಿಲ್ಲ, ಅದು ನಿನಗೆ ಗೊತ್ತಿರಲಿ.

ನೀನು ಹೇಳಿದ್ದರಲ್ಲಿ ಮೆಟ್ಟಿಲಿನ ಕತೆ ನಿಜ, ಕನ್ನಡಿಯ ಕತೆಯೂ ನಿಜ. ಆದರೆ ಎಂಟು ವರ್ಷದವನು ಕೂಗಿದ್ದನ್ನು ಮೂವತ್ತೊಂದು ವರ್ಷದವನ ಕೊರಳಿಗೆ ಕಟ್ಟಬೇಡ. ಎಂಟು ವರ್ಷದವನಿಗೆ ಕೆಂಪೇ ಚೆಂದ. ಹಾಡಿರುತ್ತದೆ, ಬಣ್ಣವಿರುತ್ತದೆ, ಬಿದ್ದ ಗೊಂಬೆ ಪುಟಿದೆದ್ದು ಓಡುತ್ತದೆ. ಹಗಲೆಲ್ಲ ಗ್ರೀಸಿನಲ್ಲಿ ಮಿಂದು, ಬಾಯಿಗೆ ಬಂದ ಹಾಗೆ ಮಾತಾಡುವ ಮೇಸ್ತ್ರಿಯ ಕೈಕೆಳಗೆ ದುಡಿದು ಬಂದವನಿಗೆ ಬೇರೆ ಏನೋ ಬೇಕಾಗುತ್ತದೆ. ಇಲ್ಲಿ ನಮ್ಮ ಕೆಲಸದವರೆಲ್ಲ ನೀಲಿ. ಸಂಜೆ ಐದಾರು ಜನ ಒಟ್ಟಿಗೆ ಸೇರುತ್ತಾರೆ, ಯುದ್ಧದ ಆಟ ಆಡುತ್ತಾರೆ. ನಾನು ಕೆಂಪು ಅಂದಾಗ ಇದೇ ವೆಲ್ಡರ್ "ಅಣ್ಣಾ, ಆಡೋಕೆ ಮುಂಚೆ ಹಾಲು ಕುಡಿದು ಬರ್ತೀಯಾ?" ಅಂದಿದ್ದ. ನಾಚಿಕೆಯಾಯಿತು. ಮನುಷ್ಯ ಬೆಳೆಯುತ್ತಾನೆ, ಅವನ ಇಷ್ಟವೂ ಬದಲಾಗುತ್ತದೆ. ಇದಕ್ಕೆಲ್ಲ ನಂಬಿಕೆ ದ್ರೋಹ ಎಂಬ ಹೆಸರು ಬೇಕೆ?

ಈಗ ನನ್ನದೊಂದು ಪ್ರಶ್ನೆ. ಪ್ರತಿ ಭಾನುವಾರ ನಾನು ನಿನಗೆ ಫೋನ್ ಮಾಡುತ್ತಿದ್ದೆ. "ಹೇಗಿದ್ದಾನೆ?" "ಚೆನ್ನಾಗಿದ್ದಾನೆ." "ಬರ್ಲಾ?" "ಯಾಕೆ ಸುಮ್ನೆ ರಜೆ ಹಾಳು, ಚೆನ್ನಾಗಿದ್ದಾನಲ್ಲ." ಡಿಸೆಂಬರಿನಲ್ಲೂ ಅದೇ ಮಾತು. ಈ ಜನವರಿಯಲ್ಲಿ, ಅವನು ತೀರಿಹೋಗಿ ನಾಲ್ಕು ಗಂಟೆಯಾದ ಮೇಲೆ ನೀನು ನಮ್ಮಮ್ಮನಿಗೆ ಹೇಳಿದೆ. ನನ್ನೂರಿನಿಂದ ನಿಮ್ಮೂರಿಗೆ ಒಂಬತ್ತು ಗಂಟೆಯ ದಾರಿ. ನಾನು ಬಾಗಿಲಿಗೆ ಬಂದಾಗ ಮನೆ ತೊಳೆದು ಆಗಿತ್ತು. ನನಗೆ ಅವನ ಮುಖ ಕೂಡ ಸಿಗಲಿಲ್ಲ, ಪೆಟ್ಟಿಗೆಯಾದರೂ ಸಿಗಲಿ ಎಂದು ಕೇಳಿದೆ. ಅದು ತಪ್ಪಾ?

ನಿನಗೆ ಗೊತ್ತಿರುವುದು ಅರ್ಧ. ಇನ್ನರ್ಧ ನಾನು ಹೇಳುವ ಹಾಗಿಲ್ಲ. ಅವನಿಗೆ ಮಾತು ಕೊಟ್ಟಿದ್ದೇನೆ.

ಇಂತಿ,
ಡುಮ್ಮ


ಏಪ್ರಿಲ್ 2

ಡುಮ್ಮನಿಗೆ,

ಬೆಳೆದೆಯಂತೆ. ಬೆಳೆದದ್ದು ಹೊಟ್ಟೆ ಮಾತ್ರ.

ಹಾಲು ಕುಡಿಯುವ ಜೋಕಿಗೆ ನಾಚಿ ನೀನು ಅಣ್ಣತಮ್ಮನಂತಿದ್ದವನನ್ನು ಬಿಟ್ಟೆ. ಅದನ್ನು ನೀನೇ ಬರೆದು, ನೀನೇ ಅಂಚೆಗೆ ಹಾಕಿದ್ದೀಯ. ನಾನು ಬರೆದಿದ್ದರೆ ಉತ್ಪ್ರೇಕ್ಷೆ ಅನ್ನುತ್ತಿದ್ದೆ.

ನಿನಗೆ ಗೊತ್ತಿಲ್ಲದ ಅರ್ಧ ನನ್ನ ಹತ್ತಿರವೂ ಇದೆ, ಕೇಳು. ಯಾರಿಗೂ ಹೇಳಬಾರದೆಂದಿದ್ದೆ. ಈಗ ನಿನ್ನ ಮುಖಕ್ಕೆ ಎಸೆಯಲೆಂದೇ ಹೇಳುತ್ತಿದ್ದೇನೆ.

ನೀಲಿ ಕೊಂಡ ಮೇಲೆ, ಹೋದ ವರ್ಷದ ಏಪ್ರಿಲಿನಲ್ಲಿ, ನಿನ್ನ ಹಳೆಯ ಕೆಂಪು ಪೆಟ್ಟಿಗೆಯನ್ನು ನಮ್ಮ ಮನೆಗೆ ಪಾರ್ಸೆಲ್ ಮಾಡಿದೆ. "ಕಡ್ಡಿಗೆ ಸ್ಪೇರ್ ಪಾರ್ಟಿಗೆ ಆದೀತು" ಎಂದು ಚೀಟಿ. ಅದು ಬಂದ ದಿನ ಅವನು ಮಲಗಿದ್ದ. ನಾನು ಅವನಿಗೆ ತೋರಿಸಲಿಲ್ಲ. ತೋರಿಸಿದ್ದರೆ ನೀನು ಇನ್ನು ಆಟಕ್ಕೆ ಬರುವುದೇ ಇಲ್ಲ ಎಂದು ಅವನಿಗೆ ಅರ್ಥವಾಗುತ್ತಿತ್ತು. ಹಿಂದಿನ ಕೋಣೆಯಲ್ಲಿ, ಅಮ್ಮನ ಹಳೆಯ ಚಿಕ್ಕ ಟಿವಿಗೆ ಸಿಕ್ಕಿಸಿ ನೋಡಿದೆ. ನೀನು ನಿನ್ನ ಅಕೌಂಟಿನಿಂದ ಹೊರಬರುವುದನ್ನೂ ಮರೆತಿದ್ದೆ. ಅಷ್ಟು ಅವಸರ ನಿನಗೆ. ತೆರೆಯ ಮೇಲೆ "ಡುಮ್ಮ, ಮತ್ತೆ ಸ್ವಾಗತ" ಎಂದು ಬಂತು.

ಅದರ ಮಾರನೆಯ ಸಂಜೆಯಿಂದ ನಾನು ನೀನಾದೆ.

ಕನ್ನಡಕದಂಗಡಿಯ ಹಿಂದೆ ಹಗಲೆಲ್ಲ ನಿಂತು ಗಾಜಿನ ಅಂಚು ತಿಕ್ಕುವವಳು ನಾನು. ಆಟದ ಒಂದು ಗುಂಡಿಯನ್ನೂ ಮುಟ್ಟಿದವಳಲ್ಲ. ಕೆಲಸದಿಂದ ಬಂದು, ಬೆರಳ ಸಂದಿಯ ಗಾಜಿನ ಹುಡಿಯನ್ನೂ ಸರಿಯಾಗಿ ತೊಳೆಯದೆ ಹಿಂದಿನ ಕೋಣೆ ಸೇರುತ್ತಿದ್ದೆ. "ಮನೆಗೇ ಸ್ವಲ್ಪ ಕೆಲಸ ತಂದಿದೀನಿ, ಒಂದು ಗಂಟೆ ಕರೀಬೇಡ" ಎಂದು ಅವನಿಗೆ ಸುಳ್ಳು. ಟಿವಿಯ ಸದ್ದು ಪೂರಾ ಕಡಿಮೆ. ಮುಂದಿನ ಕೋಣೆಯಿಂದ ಅವನ ಕೂಗು ಕೇಳುತ್ತಿತ್ತು, "ಅಕ್ಕಾ, ಡುಮ್ಮ ಬಂದ! ಡುಮ್ಮ ವಾಪಸ್ ಬಂದ!" ನಾನು ನಿನ್ನ ಕಾರಿನಲ್ಲಿ ಕೂತು, ನನ್ನ ಬಾಯಿಂದ "ಹೌದಾ? ಒಳ್ಳೇದಾಯ್ತು" ಅನ್ನುತ್ತಿದ್ದೆ. ಅವನು ನಿನ್ನ ಜೊತೆ ಮಾತಾಡಲು ನೋಡಿದಾಗ, ನಿನ್ನ ಹೆಡ್‌ಫೋನ್ ಕೆಟ್ಟಿದೆಯೆಂದು ಚಿಕ್ಕಮ್ಮ ಹೇಳಿದರು ಎಂದೆ. ಅವನಿಗೆ ಗುಂಡಿ ಒತ್ತಲು ಕಷ್ಟವಾದಾಗ, ಅಂಗಡಿಯಲ್ಲಿ ಬಿಸಾಡುವ ಪ್ಲಾಸ್ಟಿಕ್ ಲೆನ್ಸಿನ ತುಂಡುಗಳನ್ನು ತಿಕ್ಕಿ, ಅಂಚು ಉರುಟು ಮಾಡಿ, ಗುಂಡಿಗಳ ಮೇಲೆ ಎತ್ತರಕ್ಕೆ ಅಂಟಿಸಿದೆ. ಬೆರಳು ತಾಗಿದರೆ ಸಾಕು ಎಂಬಂತೆ. ಆಮೇಲೆ ಒಳಗೆ ಹೋಗಿ ಅದೇ ಬೆರಳುಗಳ ಜೊತೆ ಪಂದ್ಯಕ್ಕೆ ನಿಂತೆ. ಮೊದಮೊದಲು ಬರೀ ಗೋಡೆಗೆ ಗುದ್ದುತ್ತಿದ್ದೆ. ಬರಬರುತ್ತ ಗೆಲ್ಲುವುದನ್ನೂ ಕಲಿತೆ.

ಎಂಟು ತಿಂಗಳು, ಡುಮ್ಮ. ಒಂದು ಸಂಜೆಯೂ ತಪ್ಪಿಸಲಿಲ್ಲ. ನೀನು ಅಲ್ಲಿ ವೆಲ್ಡರನ ಜೊತೆ ಯುದ್ಧ ಮಾಡುತ್ತಿದ್ದಾಗ, ಇಲ್ಲಿ ನಿನ್ನ ಹೆಸರಿನ ಮರ್ಯಾದೆ ಉಳಿಸಿದವಳು ನಾನು. ನೀನು ಬಿಟ್ಟುಹೋದೆ ಎಂಬುದು ಗೊತ್ತಾಗದೆಯೇ ಅವನು ತೀರಿಹೋದ. ಅಷ್ಟು ನನ್ನಿಂದಾಯಿತು.

ಈಗ ಹೇಳು, ಯಾವ ಬಾಯಲ್ಲಿ ಪೆಟ್ಟಿಗೆ ಕೇಳುತ್ತೀಯ?

ಅಕ್ಕ


ಮೇ 20

ಅಕ್ಕಾ,

ಉತ್ತರ ತಡವಾಯಿತು. ಎರಡು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಸಿಟ್ಟಿತ್ತು, ಎರಡನೆಯದರಲ್ಲಿ ಬರೀ ಕ್ಷಮಿಸು ಎಂದಿತ್ತು. ಎರಡೂ ಸುಳ್ಳೆನಿಸಿದವು. ಅಮ್ಮ ನೋಡಿ, "ಕೊಟ್ಟ ಮಾತು ಇಸ್ಕೊಂಡವನ ಜೊತೆ ಹೋಯ್ತು, ನೀನು ಉಳಿದವಳಿಗೆ ನಿಜ ಹೇಳು" ಅಂದಳು. ಅದಕ್ಕೇ ಮಾತು ಮುರಿಯುತ್ತಿದ್ದೇನೆ.

ಅವನಿಗೆ ಗೊತ್ತಿತ್ತು. ಎರಡನೆಯ ಸಂಜೆಗೇ ಗೊತ್ತಾಗಿತ್ತು.

ಅವನು ನನ್ನ ಫೋನಿಗೆ ಕಳಿಸಿದ್ದನ್ನೆಲ್ಲ ನಾನು ಅಳಿಸಿಲ್ಲ. ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ.

"ಲೋ, ನಿನ್ನ ಗಾಡಿ ಯಾರೋ ಓಡಿಸ್ತಿದಾರೆ. ಪ್ರತಿ ತಿರುವಿಗೂ ಬ್ರೇಕ್. ಕಿಟಕಿಯಿಂದ ಕೈ ಹೊರಗೆ ಹಾಕಿ ತೋರಿಸೋದೊಂದು ಬಾಕಿ. ನೀನು ಹುಟ್ಟಿದಾಗಿಂದ ಬ್ರೇಕ್ ಒತ್ತಿದವನಲ್ಲ. ಹಿಂದಿನ ಕೋಣೇಲಿ ಅಕ್ಕ ಇದಾಳೆ."

ನಾನು "ಥೂ, ನಾನೇ ಬರ್ತೀನಿ ಇರು" ಎಂದೆ. ಅಷ್ಟು ಹೊತ್ತಿಗೆ ನನಗೆ ನೀಲಿ ಸಾಕಾಗಿತ್ತು. ಅಂಗಡಿಗೆ ಹೋಗಿ ಇನ್ನೊಂದು ಹೊಸ ಕೆಂಪು ಕೊಂಡು ತಂದೆ. ಅವನ ಉತ್ತರ ಇದು:

"ನೀನು ಬಂದ್ರೆ ಅವಳು ಹೊರಗೆ ಬೀಳ್ತಾಳೆ. ಒಂದು ಹೆಸರು ಒಂದೇ ಪೆಟ್ಟಿಗೇಲಿ ನಡೆಯೋದು. ಬರಬೇಡ."

"ಬೇರೆ ಹೆಸರಲ್ಲಿ ಬರ್ಲಾ?"

"ಇಬ್ಬಿಬ್ಬರು ಡುಮ್ಮಂದಿರು ಬಂದ್ರೆ ಅವಳಿಗೆ ಗೊತ್ತಾಗಲ್ವಾ? ಮಾರನೇ ದಿನಾನೇ ಎದ್ದು ಹೋಗ್ತಾಳೆ. ಸುಮ್ನೆ ನೀಲಿಯಲ್ಲೇ ಇರು. ಅವಳು ಕೆಲಸದಿಂದ ಬರೋ ಹೊತ್ತಿಗೆ ಮೊದಲು ಮುಖ ಸತ್ತಿರ್ತಿತ್ತು. ಈಗ ಮೆಟ್ಟಿಲು ಓಡಿ ಹತ್ತೋದು ಕೇಳುತ್ತೆ. ಗೋಡೆ ಆಚೆ ಲಾರಿ ಡ್ರೈವರ್ ಥರ ಬೈತಾಳೆ ಕಣೋ. ನಮ್ಮಕ್ಕನ ಬಾಯಲ್ಲಿ ಅಂಥ ಮಾತು! ನಾನು ನಗು ತಡೆಯೋಕೆ ದಿಂಬು ಕಚ್ಕೋಬೇಕು. ಅವಳಿಗೆ ಹೇಳಿದ್ರೆ ನಿನ್ನ ಸಾಯಿಸ್ತೀನಿ. ಮಾತು ಕೊಡು."

ಕೊಟ್ಟೆ. ಕೆಂಪಿನ ಡಬ್ಬಿ ಬಿಚ್ಚಲೇ ಇಲ್ಲ. ಇನ್ನೂ ಕಪಾಟಿನ ಮೇಲಿದೆ.

ಈಗ ನನ್ನ ಸಿಟ್ಟು ಕೇಳು. ನೀನು ನನ್ನ ಹೆಸರಿನ ಮರ್ಯಾದೆ ಉಳಿಸಿದೆ ಅಂದೆ. ನನ್ನ ಹೆಸರಿನಲ್ಲಿ ನೀನು ಕೂತಿದ್ದಕ್ಕೇ ನಾನು ಎಂಟು ತಿಂಗಳು ಹೊರಗೆ ನಿಂತೆ. ಅವನು ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕಿತ್ತು, ನಿನ್ನನ್ನು ಆರಿಸಿಕೊಂಡ. ಸರಿಯಾಗಿಯೇ ಆರಿಸಿದ. ಆದರೂ ನನ್ನ ಹೊಟ್ಟೆ ಉರಿಯಿತು, ಇವತ್ತಿಗೂ ಉರಿಯುತ್ತದೆ. ಇಷ್ಟರ ಮೇಲೆ ನೀನು ನನ್ನನ್ನು ಬಾಗಿಲು ಹಾಕಿದವನು ಅನ್ನುತ್ತೀಯ.

ಡುಮ್ಮ


ಮೇ 26

ಡುಮ್ಮನಿಗೆ,

ಬೇರೆ ಏನೂ ಬರೆಯಬೇಡ. ಒಂದಕ್ಕೆ ಮಾತ್ರ ಉತ್ತರ ಕೊಡು. ನಾನು ಗೆದ್ದದ್ದೆಲ್ಲ ಅವನು ಬೇಕೆಂದೇ ಸೋತದ್ದೇ? ಹೌದೋ ಅಲ್ಲವೋ?

ಅಂಗಡಿಯಲ್ಲಿ ಇವತ್ತು ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ತಿಕ್ಕಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಯಜಮಾನರು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಅಕ್ಕ


ಜೂನ್ 4

ಅಕ್ಕಾ,

ಹೌದು ಎಂದು ಬರೆದು ಮುಗಿಸಿಬಿಡಬಹುದಿತ್ತು. ಅದು ಸುಲಭ. ಆದರೆ ಉತ್ತರ ಹೌದೂ ಅಲ್ಲ, ಅಲ್ಲವೂ ಅಲ್ಲ.

ಆಗಸ್ಟ್ ಮುಗಿಯುವ ತನಕ ಬೇಕೆಂದೇ ಸೋಲುತ್ತಿದ್ದ. "ಇವತ್ತು ಪಂದ್ಯ ಮುಗಿಯೋ ಗೆರೆ ಹತ್ತಿರ ನಿಂತು ಅವಳಿಗೆ ಕಾದೆ, ಮಾರಾಯ. ಬಂದು ನನಗೇ ಗುದ್ದಿದಳು" ಎಂದೆಲ್ಲ ಬರೆಯುತ್ತಿದ್ದ. ಸೆಪ್ಟೆಂಬರ್ ಹನ್ನೆರಡಕ್ಕೆ ಒಂದೇ ಸಾಲು ಬಂತು. "ಇವತ್ತು ನಿಜವಾಗ್ಲೂ ಸೋತೆ." ಆಮೇಲೆ ಆಟದ ಬಗ್ಗೆ ಏನೂ ಬರೆಯಲಿಲ್ಲ, ಹೇಗಿದ್ದೀಯ ಎಂದರೆ ಅವನೂ ಚೆನ್ನಾಗಿದ್ದೇನೆ ಅನ್ನುತ್ತಿದ್ದ. ಅಲ್ಲಿಂದಾಚೆ ನೀನು ಗೆದ್ದದ್ದೆಲ್ಲ ನೀನೇ ಗೆದ್ದದ್ದು.

ನೀನು ನಿಜ ಕೇಳಿದೆ, ಹಾಗಾಗಿ ನನ್ನದೂ ಒಂದು ಹೇಳಿಬಿಡುತ್ತೇನೆ. ವೆಲ್ಡರನ ಹಾಲಿನ ಜೋಕು ನಿಜ. ಆದರೆ ನೀಲಿ ಕೊಂಡದ್ದು ಅದಕ್ಕಲ್ಲ. ಹೋದ ವರ್ಷದ ಜನವರಿ ಕೊನೆಗೆ ಒಂದು ದಿನ ಪಂದ್ಯ ಮುಗಿಸಿ ನಾನು ಗೆರೆಯ ಹತ್ತಿರ ನಿಂತಿದ್ದೆ. ಅವನ ಕಾರು ಬರಲಿಲ್ಲ. ಕಾದೆ. ಎರಡು ನಿಮಿಷದ ಮೇಲೆ ನೋಡಿದರೆ ನೇರ ರಸ್ತೆಯಲ್ಲಿ ಗೋಡೆಗೆ ಉಜ್ಜುತ್ತ, ಉಜ್ಜುತ್ತ ಬರುತ್ತಿದ್ದಾನೆ. ತಿರುವಿಲ್ಲ, ಏನಿಲ್ಲ. ಹೆಡ್‌ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು. "ಬಂದೆ ಇರೋ, ಬಂದೆ" ಅನ್ನುತ್ತಿದ್ದ. ನನಗೆ ನೋಡಲಾಗಲಿಲ್ಲ. ಮಾರನೆಯ ವಾರ ನೀಲಿ ಕೊಂಡೆ. ಎಲ್ಲರಿಗೂ ಬೆಳೆದೆ ಎಂದೆ. ನಿನಗೂ ಅದನ್ನೇ ಬರೆದೆ. ಬೆಳೆದವನಾಗಿದ್ದರೆ ಅಲ್ಲೇ ನಿಂತು ಕಾಯುತ್ತಿದ್ದೆ.

ನೀನು ಮೊದಲ ಕಾಗದದಲ್ಲಿ ಬರೆದದ್ದು ಸರಿ. ಗೊತ್ತಿದ್ದೇ ಬಾಗಿಲು ಹಾಕಿದೆ. ಆಮೇಲೆ ತೆರೆಯಬೇಕೆಂದಾಗ ಒಳಗೆ ನೀನಿದ್ದೆ.

ಪೆಟ್ಟಿಗೆ ಗುಜರಿಗೆ ಹಾಕುವುದಿದ್ದರೆ ಹಾಕು. ಇನ್ನು ಕೇಳುವುದಿಲ್ಲ.

ಡುಮ್ಮ


ಜುಲೈ 1

ಡುಮ್ಮನಿಗೆ,

ಒಂದು ತಿಂಗಳು ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗೆಯೇ ಬರೆಯುತ್ತಿದ್ದೇನೆ.

ಆ ಸೆಪ್ಟೆಂಬರ್ ಹನ್ನೆರಡು ನನಗೆ ಚೆನ್ನಾಗಿ ನೆನಪಿದೆ. ಬಹಳ ಮುಂದಿದ್ದು ಗೆದ್ದಿದ್ದೆ. ಕುಣಿಯುವಷ್ಟು ಖುಷಿ. ಮುಖ ಒರೆಸಿಕೊಂಡು ಮುಂದಿನ ಕೋಣೆಗೆ ಬಂದು, ಏನೂ ಗೊತ್ತಿಲ್ಲದವಳಂತೆ "ಹೇಗಾಯ್ತೋ ಆಟ?" ಎಂದೆ. "ಡುಮ್ಮ ಹೊಡೆದು ಹಾಕಿದ ಅಕ್ಕಾ" ಅಂದ. ನಗುತ್ತಲೇ ಅಂದ. "ನೀನು ಅವನಿಗೆ ಬಿಟ್ಟುಕೊಡಬೇಡ, ನಾಳೆ ಸರಿಯಾಗಿ ಆಡು" ಎಂದು ನಾನು ಬುದ್ಧಿ ಹೇಳಿದೆ. ಅವನಿಗೆ! ಆ ಮಾತನ್ನು ಈ ತಿಂಗಳು ಎಷ್ಟು ಸಲ ಕೇಳಿಸಿಕೊಂಡೆನೋ. ನೀವಿಬ್ಬರೂ ಸೇರಿ ನನ್ನನ್ನು ಆಡಿಸಿದಿರಿ. ನಾನು ಅವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಹಾಸಿಗೆಯಲ್ಲಿ ಮಲಗಿ ನನ್ನನ್ನು ಕಾಪಾಡುತ್ತಿದ್ದ. ಯಾರು ಕೇಳಿದ್ದರು ಅವನನ್ನು? ಅದು ನನ್ನ ಕೆಲಸವಾಗಿತ್ತು.

ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಡಿಸೆಂಬರಿನಲ್ಲೂ ಚೆನ್ನಾಗಿದ್ದಾನೆ ಎಂದು ಯಾಕೆ ಹೇಳಿದೆ ಎಂದು. ನಿನ್ನ ಮೇಲಿನ ಸಿಟ್ಟಿಗೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದಲ್ಲ. ನೀನು ಬಂದಿದ್ದರೆ ನಿನ್ನ ಜಾಗದಿಂದ ನಾನು ಏಳಬೇಕಿತ್ತು. ದಿನಕ್ಕೊಂದು ಗಂಟೆ ಅವನು ಯಾರನ್ನೋ ನೋಡಿ ಅಷ್ಟು ಸಂತೋಷಪಡುತ್ತಿದ್ದ, ಆ ಯಾರೋ ನಾನಾಗಿದ್ದೆ. ಔಷಧಿ ಕುಡಿಸುವ ಅಕ್ಕನಿಗೆ ಅಂಥ ಮುಖ ಸಿಗುವುದಿಲ್ಲ. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ನಿನ್ನನ್ನು ದೂರ ಇಟ್ಟೆ, ಕೊನೆಯ ದಿನವೂ ಇಟ್ಟೆ. ಅವನಿಗೆ ಎಲ್ಲ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ, ಅಷ್ಟು ಬಿಟ್ಟರೆ ನನ್ನ ತಪ್ಪಿಗೆ ನೆಪವಿಲ್ಲ. ನೀನು ನೋಡಲಾರದೆ ಓಡಿದೆ. ನಾನು ನೋಡಿದ್ದನ್ನು ಯಾರಿಗೂ ಕೊಡಲಿಲ್ಲ.

ಇಷ್ಟು ಬರೆದೆನೆಂದು ನಿನ್ನನ್ನು ಸುಮ್ಮನೆ ಬಿಟ್ಟೆ ಅಂದುಕೊಳ್ಳಬೇಡ. ಅವನು ಗೋಡೆಗೆ ಉಜ್ಜುತ್ತ "ಬಂದೆ ಇರೋ" ಅಂದಿದ್ದನ್ನು ಕೇಳಿಯೂ ನೀನು ನಿಲ್ಲಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ನಿನ್ನೆ ಭಾನುವಾರ ಹಿಂದಿನ ಕೋಣೆ ಖಾಲಿ ಮಾಡಿದೆ. ನಿನ್ನ ಹಳೆಯ ಪೆಟ್ಟಿಗೆಯನ್ನು ಕೊನೆಯ ಸಲ ಹಾಕಿದೆ. ನಿನ್ನ ಹೆಸರಿನಿಂದ ಹೊರಗೆ ಬರುವುದು ಹೇಗೆಂದು ಹುಡುಕಲು ಅರ್ಧ ಗಂಟೆ ಬೇಕಾಯಿತು. "ಖಚಿತವೇ?" ಎಂದು ಕೇಳಿತು. ಎದ್ದು ಹೋಗಿ ನೀರು ಕುಡಿದು ಬಂದು ಒತ್ತಿದೆ. ಈಗ ನಿನ್ನ ಹೆಸರು ನಿನ್ನದೇ. ಯಾವ ಬಣ್ಣದಲ್ಲಾದರೂ ಆಡಿಕೊ.

ಕಡ್ಡಿಯ ಪೆಟ್ಟಿಗೆಯನ್ನು ಗುಜರಿಗೆ ಹಾಕಲಿಲ್ಲ. ಅಂಚೆಯಲ್ಲೂ ಕಳಿಸುವುದಿಲ್ಲ, ಚಿಕ್ಕಮ್ಮನ ಕೈಯಲ್ಲೂ ಕೊಡುವುದಿಲ್ಲ. ಮನೆ ಖಾಲಿ ಮಾಡುವ ಮೊದಲು ನೀನೇ ಬಂದು ತೆಗೆದುಕೊಂಡು ಹೋಗಬೇಕು. ಎರಡು ದಿನ ರಜೆ ಹಾಕಿ ಬಾ, ಒಂದು ದಿನ ಸಾಲದು. ಫೋನಿನಲ್ಲಿ ಅಳು ಬರುತ್ತದೆ, ಕಾಗದದಲ್ಲಿ ಕೈ ನೋಯುತ್ತದೆ. ಈ ಸಲ ಎದುರು ನಿಲ್ಲಿಸಿಕೊಂಡು, ಅಳು ಬಂದರೂ ನಿಲ್ಲಿಸದೆ ಬೈಯುತ್ತೇನೆ. ನೀನೂ ಬೈ, ನಿನಗೂ ಇದೆ. ಕೇಳಿಸಿಕೊಳ್ಳುತ್ತೇನೆ.

ನಾನು ಬೈಯಬೇಕಾದವರು ಇಬ್ಬರು. ಒಬ್ಬ ತಪ್ಪಿಸಿಕೊಂಡ. ಅವನ ಪಾಲೂ ನಿನಗೇ ಇಟ್ಟಿದ್ದೇನೆ. ಬೇಗ ಬಾ.

ಇಂತಿ,
ನಿನ್ನ ಅಕ್ಕ